ಈರಪ್ಪನವರ ಬಿಗಿ ಹೊಲಿಗೆ

ಈರಪ್ಪನವರ ಕೈಗೆ ಯಾವ ಪುಸ್ತಕ ಕೊಟ್ಟರೂ ಅವರು ಹೆಸರು ನೋಡುತ್ತಿರಲಿಲ್ಲ. ನಡುವಿನಲ್ಲಿ ತೆರೆದು, ಮೇಜಿನ ಮೇಲಿಟ್ಟು, ಎರಡೂ ಕೈ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ತೆರೆದಂತೆಯೇ ಬಿದ್ದುಕೊಂಡಿದ್ದರೆ ಮುಖ ಅರಳುತ್ತಿತ್ತು. ಪಟ್ಟನೆ ಮುಚ್ಚಿಕೊಂಡಿತೋ, ಅದನ್ನು ಕಟ್ಟಿದವನ ಕಥೆ ಮುಗಿದಂತೆ. “ಪುಸ್ತಕ ತಾನಾಗೇ ಮಲಕೋಬೇಕ್ರಿ ಅಕ್ಕೋರ. ಕೈಲೇ ಒತ್ತಿ ಹಿಡಿದ್ರ ಅದು ಓದೂದಲ್ಲ, ಕುಸ್ತಿ ಹಿಡಿಯೂದು,” ಎನ್ನುತ್ತಿದ್ದರು.

ಜಮಖಂಡಿಯ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿಯಾಗಿದ್ದಷ್ಟು ಕಾಲವೂ ಹರಿದ ಪುಸ್ತಕಗಳನ್ನು ಕಟ್ಟಿಕೊಟ್ಟವರು ಅವರೇ. ಊರು ರಬಕವಿ, ನೇಕಾರರ ಮನೆ. ಸಂಸ್ಥಾನದ ಕಾಲದಲ್ಲಿ ಅರಮನೆಯ ಪುಸ್ತಕಗಳಿಗೆ ತೊಗಲಿನ ಬೆನ್ನು ಹಾಕಿ ಬಂಗಾರದಕ್ಷರ ಒತ್ತುತ್ತಿದ್ದ ಮುದುಕನೊಬ್ಬನ ಕೈಕೆಳಗೆ ಕಲಿತಿದ್ದರಂತೆ. ಹುಳ ಬೀಳದಂತೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸುವುದು, ಬೆನ್ನಿನ ಎರಡೂ ತುದಿಗೆ ಬಣ್ಣದ ದಾರದ ಸಣ್ಣ ಪಟ್ಟಿ ಹೆಣೆಯುವುದು ಎಲ್ಲ ಅಲ್ಲಿಯದೇ ವಿದ್ಯೆ. ದಾರ ಮಾತ್ರ ಮನೆಯದು, ಮಗ್ಗದಲ್ಲಿ ಉಳಿದ ರೇಷ್ಮೆ. ನಮ್ಮ ಅರ್ಥಶಾಸ್ತ್ರದ ಪುಸ್ತಕಗಳಿಗೆಲ್ಲ ಮದುವೆ ಸೀರೆಯ ದಡಿಯ ಬಣ್ಣ! ಬೇಡವೆಂದರೆ ಕೇಳಬೇಕಲ್ಲ. “ಅವಕ್ಕೂ ಆಸಿ ಇರ್ತೈತ್ರಿ,” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಇಂಥ ಮನುಷ್ಯನಿಗೆ ಒಂದು ಕೊರಗಿತ್ತು. ಹರೆಯದಲ್ಲಿ ಅವರು ಸ್ವಂತವಾಗಿ ಕಟ್ಟಿದ ಮೊದಲ ಪುಸ್ತಕ ಓಣಿಯ ಗುಡಿಯ ಪುರಾಣ. ಶ್ರಾವಣ ಪೂರ್ತಿ ಸಂಜೆ ಸಂಜೆ ಓದುವ ಗ್ರಂಥ. ಕೈ ಇನ್ನೂ ಮಗ್ಗದ್ದು. ಸಡಿಲ ಎಳೆ ಬಿಟ್ಟಾಗಲೆಲ್ಲ ಅಪ್ಪನ ಬೈಗುಳ ತಿಂದು ಬೆಳೆದವರು, ಹೊಲಿಗೆಯ ದಾರವನ್ನೂ ಹಾಗೇ ಜಗ್ಗಿ ಜಗ್ಗಿ ಬಿಗಿದುಬಿಟ್ಟರು. ಪುರಾಣ ತೆರೆದರೆ ಪಟ್ಟನೆ ಮುಚ್ಚಿಕೊಳ್ಳತೊಡಗಿತು. ಗುಡಿಯವರು ನೂಲಿನ ಅಂಗಡಿಯಿಂದ ತೂಕದ ಕಲ್ಲು ತಂದು ಹಾಳೆಯ ಮೇಲಿಟ್ಟು ಓದಿದರು. ಮಡಿಕೆಯಲ್ಲಿ ಹಾಳೆಗಳು ಸೀಳಿದವು. ಜನ ಬೈದಿದ್ದರೆ ಸಮಾಧಾನವಾಗುತ್ತಿತ್ತೋ ಏನೋ, ಅವರು “ಈರಪ್ಪ ಭಾಳ ಗಟ್ಟಿ ಕಟ್ಯಾನ ನೋಡು!” ಎಂದು ಶಾಲು ಬೇರೆ ಹೊದಿಸಿದರು.

ಅಂದಿನಿಂದ ಪ್ರತಿ ಶ್ರಾವಣ ಮುಗಿದಾಗಲೂ ಗುಡಿಯ ಹಿರಿಯರ ಮುಂದೆ ನಿಂತು “ಒಮ್ಮೆ ಬಿಚ್ಚಿ ಹೊಲೀತೀನ್ರಿ” ಎಂದು ಇವರು ಕೇಳುವುದು, “ಪೂಜಿ ಆದ ಪುಸ್ತಕಾ ಬಿಚ್ಚಬಾರದಪ್ಪಾ” ಎಂದು ಅವರು ಕಳಿಸುವುದು. ಇವರ ಕೈ ನಡುಗುವ ವಯಸ್ಸಾದ ಮೇಲೆ, ಹೋದ ವರ್ಷ ಶ್ರಾವಣಕ್ಕೆ ಮೊದಲೇ ಹೋಗಿ ಕೇಳಿದಾಗ, ಗುಡಿಯ ಈಗಿನ ಅಧ್ಯಕ್ಷ ಮಲ್ಲಪ್ಪ ಅಂತೂ ಒಪ್ಪಿದ. “ಆತು ಕಾಕಾ, ಶ್ರಾವಣ ಮುಗದ ಮ್ಯಾಲೆ ಒಯ್ಯಿರಿ.”

ಈರಪ್ಪನವರ ಸಂಭ್ರಮ ಏನು ಕೇಳುತ್ತೀರಿ! ದಾರಕ್ಕೆ ಮೇಣ ತಿಕ್ಕಿದರು, ಕೆಂಪು ಅರಿವೆಗೆ ಗಂಜಿ ಹಾಕಿ ಒಣಗಿಸಿದರು, ಬಸ್ಸು ಹಿಡಿದು ಬಂದು ನನಗೆ ಎಲ್ಲವನ್ನೂ ಹರವಿ ತೋರಿಸಿದರು. “ನಾ ಇರೂದ್ರಾಗ ಅದು ಒಮ್ಮೆ ತಾನಾಗೇ ಮಲಗಿದ್ದು ನೋಡಬೇಕ್ರಿ. ಮತ್ತೇನ ಬ್ಯಾಡ.”

ಅದನ್ನು ತರುವ ದಿನ ನಾನೂ ಜೊತೆಗೆ ಹೋದೆ. ಮಲ್ಲಪ್ಪ ಬಲು ಉಮೇದಿಯಲ್ಲಿದ್ದ. “ಕಾಕಾ, ಈ ವಯಸ್ಸಿನ್ಯಾಗ ನಿಮಗ್ಯಾಕ ತ್ರಾಸ ಅಂತ ಹೊಸಾ ಪುಸ್ತಕಾನ ತರಿಸೇವಿ, ದೊಡ್ಡಕ್ಷರದ್ದು. ಹಳೇದು ಮೂಲ್ಯಾಗ ಬಿದ್ರ ಪಾಪ ಅಲ್ಲೇನು? ನಿನ್ನೆ ಪೂಜಿ ಮಾಡಿ ಹೊಳಿಗೆ ಬಿಟ್ವಿ.”

ಜೀರ್ಣವಾದ ಪುರಾಣವನ್ನು ಕೃಷ್ಣೆಗೆ ಬಿಡುವುದು ನಮ್ಮ ಕಡೆಯ ಪದ್ಧತಿ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಅವನ ಕಪಾಳಕ್ಕೆ ಒಂದು ಬಾರಿಸಬೇಕು ಅನ್ನಿಸಿತು ನನಗೆ.

ಈರಪ್ಪನವರು ಗುಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. “ತಪ್ಪು ನಂದಿತ್ತಲ್ಲೋ ಮಲ್ಲಪ್ಪಾ,” ಎಂದರು. “ಅದಕ್ಯಾಕ ನೀರ ಕುಡಿಸಿದಿ?”

ಅವನಿಗೆ ತಿಳಿಯಲಿಲ್ಲ. ಎಷ್ಟು ಮರ್ಯಾದೆಯಿಂದ ಬಿಟ್ಟೆವೆಂದು ತೋರಿಸಲು ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಅವರ ಮುಂದೆ ಹಿಡಿದ. ಹೂವಿನ ಹಾರ ಹಾಕಿದ ಪುಸ್ತಕ ತುಸು ಹೊತ್ತು ತೇಲಿತು, ತಿರುಗಿತು, ಆಮೇಲೆ ಮುಳುಗಿತು. ಈರಪ್ಪನವರು ಕಣ್ಣು ಕೀಲಿಸಿ ಕೊನೆಯ ತನಕ ನೋಡಿದರು.

ಅದೇ ನಮ್ಮ ಕೊನೆಯ ಭೇಟಿ. ಚಳಿಗಾಲ ಮುಗಿಯುವುದರೊಳಗೆ ಅವರು ಹೋಗಿಬಿಟ್ಟರು. ಈಗ ಯಾವ ಪುಸ್ತಕ ತೆರೆದರೂ ನಾನು ಮೊದಲು ಎರಡೂ ಕೈ ಬಿಟ್ಟು ನೋಡುತ್ತೇನೆ. ಅವತ್ತು ಅವರು ಬಸ್ ಸ್ಟ್ಯಾಂಡಿನ ತನಕ ನನ್ನನ್ನು ಕಳಿಸಲು ಬಂದಿದ್ದರು. ನಾನು ಬಸ್ಸು ಹತ್ತುವಾಗ ಕೈ ಹಿಡಿದು ನಿಲ್ಲಿಸಿ ಕೇಳಿದರು:

“ನೀವೂ ನೋಡಿದ್ರಲ್ರಿ ಅಕ್ಕೋರ? ಹೊಳ್ಯಾಗ ಸೈತ ಒಂದ ಹಾಳಿ ಬಿಚ್ಚಲಿಲ್ಲ.”