ಅಣ್ಣನ ಎದುರಿಗೆ ಆಡದ ಮಾತು

ಚಚಡಿಯ ಬಸಲಿಂಗಪ್ಪನವರು ಗಾರ್ಡಿಯನ್ ಆದದ್ದು ಕೋರ್ಟಿಗೆ ಅರ್ಜಿ ಹಾಕಿದ ದಿನವೇ. ಆದೇಶ ಬರುವುದೊಂದು ಬಾಕಿ ಇತ್ತು. ಯರಗಟ್ಟಿಯ ಚಹಾದಂಗಡಿಯಲ್ಲಿ ಹೊಸ ಕರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಏನ್ಮಾಡೂದ್ರಿ, ಮನಿತನದ ಭಾರ ನನ್ನ ಹೆಗಲಿಗೇ ಬಂತು" ಎನ್ನುತ್ತಿದ್ದರು. ಹೆಗಲ ಮೇಲೆ ಆಗ ಇದ್ದದ್ದು ಒಂದು ಶಾಲು.

ಭಾರ ಹೊತ್ತವಳು ಅವರ ಕಾಕಾನ ಮಗಳು ಕೆಂಚವ್ವ. ಗಂಡ ತೀರಿದ ಮೇಲೆ ತವರಿಗೆ ಬಂದು ಅಣ್ಣ ಮಹಾಂತಪ್ಪನನ್ನು ನೋಡಿಕೊಂಡಿದ್ದಳು. ಅಣ್ಣನಿಗೆ ವಯಸ್ಸು ನಲವತ್ತು, ಬುದ್ಧಿ ಐದು ವರ್ಷದ ಕೂಸಿನದು. ೧೯೭೪ರಲ್ಲಿ ಅಪ್ಪ ತೀರಿಕೊಂಡು ಎರೆಹೊಲ ಮಹಾಂತಪ್ಪನ ಹೆಸರಿಗೆ ಬಂತು. ಆ ಕೂಡಲೇ ಬಸಲಿಂಗಪ್ಪನವರಿಗೆ ಈ ತಮ್ಮನ ಮೇಲೆ ಪ್ರೀತಿ ಉಕ್ಕಿತು. ಹೊಲ ತಾವು ನೋಡಿಕೊಳ್ಳುವುದಾಗಿಯೂ ತಮ್ಮನನ್ನು ಹುಚ್ಚರ ಆಸ್ಪತ್ರೆಗೆ ಸೇರಿಸುವುದಾಗಿಯೂ ಅರ್ಜಿಯಲ್ಲಿ ಬರೆಸಿದ್ದರು. ಕೆಂಚವ್ವನೂ ಒಬ್ಬ ವಕೀಲರನ್ನು ಹಿಡಿದು, ಗಾರ್ಡಿಯನ್ ಆಗಿ ತನ್ನನ್ನೇ ಮಾಡಬೇಕೆಂದು ಬೇಡಿದಳು.

"ಯವ್ವಾ, ಒಂದ ಮಾತು ಹೇಳ್ರಿ ಸಾಕು," ಎಂದರು ವಕೀಲರು. "ನಮ್ಮಣ್ಣಗ ಏನೂ ತಿಳಿಯಂಗಿಲ್ಲ, ಅಷ್ಟ."

ಬೆಳಗಾವಿ ಕೋರ್ಟಿನಲ್ಲಿ ಮೊದಲ ಸರದಿ ಬಸಲಿಂಗಪ್ಪನವರದು. ಪಕ್ಕದಲ್ಲೇ ಕುಳಿತಿದ್ದ ಮಹಾಂತಪ್ಪನ ಕಡೆ ಬೆರಳು ಮಾಡಿ, "ಇಂವಾ ಅರೆಹುಚ್ಚ ಅಲ್ರಿ ಸಾಹೇಬ್ರ, ಪೂರಾ ಹುಚ್ಚ! ನಮ್ಮ ಎತ್ತಿಗೆ ಇರೂ ತಿಳುವಳಿಕಿ ಇವಗಿಲ್ಲ" ಎಂದು ಭಾಷಣವನ್ನೇ ಬಿಗಿದರು. ಎತ್ತು ಅಂದಾಗ ಮಹಾಂತಪ್ಪ ನಕ್ಕ. ಉಳಿದವರೂ ನಕ್ಕದ್ದನ್ನು ಕಂಡು ಹೆಗಲ ಮೇಲಿನ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡ.

ಕೆಂಚವ್ವ ಎದ್ದು ನಿಂತು ಅಣ್ಣನ ಕಡೆ ನೋಡಿದಳು. ವಕೀಲರು ಕೆಮ್ಮಿದರು.

"ಹೇಳತೇನ್ರಿ," ಎಂದಳು. "ಮೊದಲ ನಮ್ಮಣ್ಣನ್ನ ಹೊರಗ ಕಳಸ್ರಿ."

"ಕೇಳ್ರಿ ಇಕಿ ಮಾತು!" ಬಸಲಿಂಗಪ್ಪನವರು ಹಿಗ್ಗಿದರು. "ಏನೂ ತಿಳಿಯಂಗಿಲ್ಲ ಅಂತ ಹೇಳಾಕ ಬಂದಾಳ. ಅಂವಾ ಕೇಳಿಸ್ಕೊಂತಾನ ಅಂತ ಅಂಜತಾಳ!"

ವಕೀಲರು ಹಣೆ ಒತ್ತಿಕೊಂಡರು. ಅಣ್ಣನಿಗೆ ತಿಳಿಯುತ್ತದೆ ಎಂದಾದರೆ ಅರ್ಜಿಯೇ ಬಿತ್ತು.

"ಅವರಿಗೆ ತಿಳಿಯುತ್ತದೇನಮ್ಮ?" ನ್ಯಾಯಾಧೀಶರು ಕೇಳಿದರು.

"ಹೊಲಾ ಮಾರೂದು, ಸಹಿ ಮಾಡೂದು ತಿಳಿಯಂಗಿಲ್ರಿ. ಬೈದ್ರ ತಿಳೀತೈತಿ. ಅಲ್ಲಿ ನೋಡ್ರಿ."

ನ್ಯಾಯಾಧೀಶರು ನೋಡಿದರು. ಟವೆಲ್ ಇನ್ನೂ ಮುಖದ ಮೇಲೇ ಇತ್ತು. ಅವರು ಸಿಪಾಯಿಯನ್ನು ಕರೆದು ಮಹಾಂತಪ್ಪನನ್ನು ಹೊರಗೆ ಕಳಿಸಿದ ಮೇಲೆಯೇ ಕೆಂಚವ್ವ ಹೇಳಬೇಕಾದ್ದನ್ನೆಲ್ಲ ಹೇಳಿದಳು, ಒಂದನ್ನೂ ಮುಚ್ಚದೆ.

ಮುಂದಿನ ತಾರೀಖಿಗೆ ಆದೇಶವಾಯಿತು. ಅಣ್ಣನೂ ಹೊಲವೂ ಕೆಂಚವ್ವನ ಸುಪರ್ದಿಗೆ. ಕೋರ್ಟಿನ ಪರವಾನಗಿ ಇಲ್ಲದೆ ಹೊಲ ಯಾರೂ ಮಾರುವಂತಿಲ್ಲ. ಬಸಲಿಂಗಪ್ಪನವರು ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡು, "ಭಾಳ ಸೆಕಿ ಐತಿ" ಎನ್ನುತ್ತ ಹೊರಬಿದ್ದರು. ಅದು ಡಿಸೆಂಬರ್ ತಿಂಗಳು.

ಈ ಸಲವೂ ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಹಾಂತಪ್ಪ ಕೇಳಿದ: "ಒಳಗ ಏನಂದ್ಯವ್ವಾ?"

"ನಮ್ಮಣ್ಣನ್ನ ಬಿಟ್ಟ ನನಗ ಇರಾಕಾಗಂಗಿಲ್ಲ ಅಂದ್ನಿ. ನಿನಗ ಒಪ್ಪಿಗಿ ಐತಿಲ್ಲೋ?"

ಅವನು ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡ.

"ಆತು, ಇರು. ಬಸ್ಸಿನ್ಯಾಗ ಕಿಡಕಿ ನಂದ."

ಕಾಯ್ದೆ ಪ್ರಕಾರ ಅದನ್ನೂ ತೀರ್ಮಾನಿಸುವ ಅಧಿಕಾರ ಈಗ ಕೆಂಚವ್ವನದು. ಅವಳು ಸೆರಗು ಸಾವರಿಸಿಕೊಂಡು ಅಣ್ಣನಿಗೆ ಕಿಟಕಿ ಹಿಡಿಯಲು ಸ್ಟ್ಯಾಂಡಿನ ಕಡೆ ಓಡಿದಳು.