ಬಾಳಗೊಂಡರ ಮನೆಯಲ್ಲಿ ಗುಂದ್ರುಕ್

ಇಚಲಕರಂಜಿಯಲ್ಲಿ ಟೀಕಾರಾಮನನ್ನು ಅವನ ಹೆಸರು ಹಿಡಿದು ಕರೆಯುವವರು ಇಬ್ಬರೇ. ಒಬ್ಬಳು ಹೆಂಡತಿ ಮಾಯಾ, ಇನ್ನೊಬ್ಬರು ಸಾಹುಕಾರ ಬಾಳಗೊಂಡರ ತಾಯಿ ಚಂಪಾಬಾಯಿ. ಉಳಿದವರಿಗೆಲ್ಲ ಅವನು ಬಹಾದ್ದೂರ. ನೇಪಾಳದ ರೋಲ್ಪಾದ ಗುಡ್ಡಗಳಿಂದ ಮೀಸೆ ಮೂಡುವ ಮೊದಲೇ ಬಂದವನು, ಮಗ್ಗದ ಶೆಡ್ಡಿನ ಬಾಗಿಲು ಕಾದು, ಕಡೆಗೆ ಚೈನೀಸ್ ಗಾಡಿ ಹಾಕಿದ. ಅವನ ಮುಖ ನೋಡಿಯೇ ಗಿರಾಕಿಗಳು ನೂಡಲ್ಸ್ ಅಸಲಿ ಎಂದು ನಂಬುತ್ತಿದ್ದರು. ಅದನ್ನು ಅವನು ಕಲಿತದ್ದು ಕೊಲ್ಹಾಪುರದಲ್ಲಿ, ಒಬ್ಬ ಮರಾಠಿ ಅಡುಗೆಯವನ ಕೈಕೆಳಗೆ.

ರಸ್ತೆ ಅಗಲವಾದಾಗ ಗಾಡಿ ಹೋಯಿತು. ಬಾಳಗೊಂಡರ ಮನೆಯ ಕೆಳಗೆ ಒಂದು ಗಾಳಾ, ಅಂಗಡಿಯ ಕೋಣೆ, ಖಾಲಿ ಇತ್ತು. ಅಲ್ಲಿ ತನ್ನ ನಾಡಿನ ಊಟ ಹಾಕಬೇಕೆಂಬ ಬಹಳ ದಿನದ ಆಸೆಯನ್ನು ಟೀಕಾರಾಮ ತಡವರಿಸುತ್ತಲೇ ಹೇಳಿದ.

ಬಾಳಗೊಂಡ ನಕ್ಕರು. "ನೇಪಾಳದ ಊಟದ ಮಾರಿನ ಕಂಡಿಲ್ಲ ನಾವು. ಮೊದಲ ನಮ್ಮ ಮನ್ಯಾಗ ಮಾಡಿ ಬಡಸು. ಒಂದೊಂದೂ ಏನಂತ ಬಿಡಿಸಿ ಹೇಳಬೇಕ ಮತ್ತ. ನಮ್ಮ ಆಯಿ ಹೂಂ ಅಂದ್ರ ಗಾಳಾ ನಿಂದು."

ಜೈನರ ಮನೆ. ಟೀಕಾರಾಮ ಬಾಳಗೊಂಡರ ಸೊಸೆ ಪ್ರಣಾಲಿಯನ್ನು ಕೇಳಿ ಎಲ್ಲವನ್ನೂ ತಿಳಿದುಕೊಂಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೇಡ. ನೆಲದೊಳಗೆ ಬೆಳೆಯುವ ಯಾವ ಗಡ್ಡೆಯೂ ಬೇಡ. ನೀರು ಸೋಸಿರಬೇಕು, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಬೇಳೆಗೆ ಒಗ್ಗರಣೆ ಹಾಕುವ ಜಿಂಬು ಎಂಬ ಒಣ ಸೊಪ್ಪಿಗೆ ಉಳ್ಳಾಗಡ್ಡಿಯ ವಾಸನೆ ಇದೆಯೆಂದು ಅದನ್ನೂ ಮನೆಯಲ್ಲೇ ಬಿಟ್ಟ. ಇಷ್ಟು ಜಾಗ್ರತೆಯಿಂದ ಅವನು ತನ್ನ ಮದುವೆಯ ಅಡುಗೆಯನ್ನೂ ಮಾಡಿರಲಿಲ್ಲ.

ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ತಾಟು ಇಟ್ಟ. ಮೊದಲು ಸೇಲ್ ರೋಟಿ: ಅಕ್ಕಿ ಹಿಟ್ಟನ್ನು ಕೈಯಿಂದಲೇ ಉಂಗುರದಂತೆ ಎಣ್ಣೆಗೆ ಬಿಟ್ಟು ಕರಿದದ್ದು.

"ಏನಲೇ ಇದು, ಕಡಗ ಮಾಡಿ ತಂದಿ? ಹುಪರಿಯಾಗ ಬೆಳ್ಳಿ ಕೆಲಸಾ ಕಲತಿಯೇನ?" ಎಂದರು ಬಾಳಗೊಂಡ. ಎಲ್ಲರೂ ನಕ್ಕರು.

ಆಮೇಲೆ ಅನ್ನದ ಗುಡ್ಡೆ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಬೇಳೆ.

"ಭಕ್ರಿ ಎಲ್ಲೈತೋ?"

"ನಮ್ಮಲ್ಲಿ ಮೊದಲಿಂದ ಕಡೀತನಕ ಅನ್ನಾನರಿ ಸಾಹುಕಾರ. ಬ್ಯಾಳಿ ಪೂರ್ತಿ ಸುರಕೊಂಡು ಕಲಸಬೇಕರಿ."

ಟೊಮೆಟೊ ಚಟ್ನಿಯಲ್ಲಿದ್ದ, ಮೆಣಸಿನಂಥ ಟಿಮ್ಮೂರಿನ ಕಾಳು ಕಚ್ಚಿ ಪ್ರಣಾಲಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯ, ನಾಲಿಗಿ ಜುಂ ಅನ್ನಾಕತ್ತೇತಿ!"

"ಅದು ಹಂಗ ಅನ್ನಬೇಕರಿ ವೈನಿ," ಎಂದ ಟೀಕಾರಾಮ. ಅವನ ಎದೆ ಹಗುರಾಗತೊಡಗಿತ್ತು.

ಚಂಪಾಬಾಯಿ ಒಂದೊಂದನ್ನೇ ರುಚಿ ನೋಡುತ್ತ ಉಣ್ಣುತ್ತಿದ್ದರು. ಗುಂದ್ರುಕ್ ಎಂಬ ಒಣಸೊಪ್ಪಿನ ಸಾರನ್ನು ಒಮ್ಮೆ ಹಾಕಿಸಿಕೊಂಡರು, ಮತ್ತೊಮ್ಮೆ ಕೈ ಚಾಚಿದರು. "ಭಾಳ ರುಚಿ ಆಗೇತಿ ನೋಡಪಾ ಟೀಕಾರಾಮ. ಹುಳಿ ಎಷ್ಟ ಚಂದ ಹಿಡದೈತಿ. ಹುಣಸೀಹಣ್ಣ ಹಾಕಿಯೇನ?"

ಹೌದು ಅಂದಿದ್ದರೆ ಗಾಳಾ ಅವನದಾಗುತ್ತಿತ್ತು. ಆದರೆ ಬಿಡಿಸಿ ಹೇಳು ಎಂದಿದ್ದರಲ್ಲ. ಹೇಳುವ ಹುರುಪು ಅವನಿಗೂ ಇತ್ತು.

"ಹುಣಸಿ ಇಲ್ಲರಿ ಆಯಿ. ಇದು ಸಾಸಿವಿ ಸೊಪ್ಪು. ಬಾಡಿಸಿ, ಜಜ್ಜಿ, ಗಡಿಗ್ಯಾಗ ಗಟ್ಟಿ ತುರಕಿ ಬಿಸಲಿಗೆ ಇಡತೀವಿ. ಎಂಟು ಹತ್ತು ದಿನಕ್ಕ ಒಳಗ ತಾನ ಹುಳಿ ಬರತೈತಿ. ಆಮ್ಯಾಲ ಒಣಗಸೂದು. ಇದು ಮಾಯಾ ಹೋದ ವರ್ಸ ಹಾಕಿದ್ದರಿ, ಏನೂ ಕೆಟ್ಟಿಲ್ಲ ನೋಡ್ರಿ."

ಚಂಪಾಬಾಯಿಯ ದವಡೆ ನಿಂತಿತು. ಬಾಯಲ್ಲಿದ್ದುದನ್ನು ಎಡಗೈಗೆ ತೆಗೆದರು. ಪ್ರಣಾಲಿ ಮಾವನ ಮುಖ ನೋಡಿದಳು. ಹುಳಿತದ್ದರಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ಅದನ್ನುಣ್ಣುವುದೆಂದರೆ ಹಿಂಸೆ. ಉಪ್ಪಿನಕಾಯಿಯನ್ನೂ ಅಂದಿನದಂದೇ ಮಾಡಿ ತಿನ್ನುವ ನೇಮದವರು ಚಂಪಾಬಾಯಿ. ಸೊಪ್ಪನ್ನು ಗಡಿಗೆಯಲ್ಲಿ ಕೊಳೆಹಾಕುವವರು ಲೋಕದಲ್ಲಿರಬಹುದೆಂದು ಪ್ರಣಾಲಿಗೆ ಹೊಳೆದಿರಲಿಲ್ಲ. ಹುಳಿಯೂ ದೋಷವಾಗಬಹುದೆಂದು ಟೀಕಾರಾಮನಿಗೂ ಹೊಳೆದಿರಲಿಲ್ಲ.

"ನಿನ್ನ ತಪ್ಪಲ್ಲಪಾ," ಎಂದು ಚಂಪಾಬಾಯಿ ಎದ್ದು ಬಾಯಿ ಮುಕ್ಕಳಿಸಲು ಹೋದರು. ಬಹಳ ಹೊತ್ತು ಮುಕ್ಕಳಿಸಿದರು. ಟೀಕಾರಾಮ ಸೌಟು ಹಿಡಿದು ನಿಂತೇ ಇದ್ದ.

ಮರುದಿನ ಟೀಕಾರಾಮ ಅವರ ಬಾಗಿಲಿಗೆ ಹೋದಾಗ ಪ್ರಣಾಲಿ ಹೊರಗೆ ಬಂದು ಮೆಲ್ಲಗೆ ಹೇಳಿದಳು: "ಆಯಿ ಪ್ರಾಯಶ್ಚಿತ್ತ ತಗೊಂಡಾರ. ಮೂರು ದಿನ ಉಪವಾಸ. ನೀರ ಅಷ್ಟ." ವಯಸ್ಸಾದ ಜೀವ. ಟೀಕಾರಾಮ ಮೂರು ದಿನವೂ ಆ ಓಣಿಯ ಕಡೆ ಸುಳಿಯಲಿಲ್ಲ. ಮನೆಯಲ್ಲಿ ಮಾಯಾ ಬಡಿಸಿದ ತಾಟನ್ನು ಹಾಗೇ ಮುಚ್ಚಿಡುತ್ತಿದ್ದ.

ಆಮೇಲೆ ಹೋದಾಗ ಬಾಳಗೊಂಡ ಬೈಯಲಿಲ್ಲ. ಬೈದಿದ್ದರೆ ಕೈಕಾಲು ಹಿಡಿಯಬಹುದಿತ್ತು.

"ಗುಂದ್ರುಕ್ ಬಿಟ್ಟು ಮಾಡ್ತೇನ್ರಿ ಸಾಹುಕಾರ."

"ಇದನ್ನ ಬಿಡ್ತಿ. ಇನ್ನ ಏನೇನ ಐತೋ ನಿಮ್ಮಲ್ಲಿ, ನಿನಗರ ಏನ ಗೊತ್ತು? ಗೊತ್ತಿಲ್ಲದನ ಮಾಡಿದಿ ಅನ್ನೂದ ಅಂಜಕಿ ಬರತೈತಿ. ಬ್ಯಾಡ ಬಿಡು."

ಕೆಲವೇ ದಿನಗಳಲ್ಲಿ ಗಾಳಾದಲ್ಲಿ ಮೊಬೈಲ್ ರಿಪೇರಿಯವನು ಬಂದು ಕೂತ.

ಟೀಕಾರಾಮ ಗಡಹಿಂಗ್ಲಜದ ಹೋಟೆಲೊಂದರಲ್ಲಿ ಚೈನೀಸ್ ಕುಕ್ ಆಗಿ ಸೇರಿದ. ಮಾಲಕ ಸಿದ್ದಾರೂಢ ಮಾತಿನ ಮನುಷ್ಯ. ಮೊದಲ ದಿನವೇ ಕೇಳಿದ: "ನೇಪಾಳದಾಂವ ಅಲ್ಲನ ನೀ? ನಿಮ್ಮ ಊಟಾ ಏನರೆ ಇದ್ರ ಹೇಳು, ಬೋರ್ಡಿಗೆ ಹಾಕೂಣು. ಗಿರಾಕಿಗೂಳು ದಿನಾ ಹೊಸಾದ ಬೇಡತಾರ."

ಟೀಕಾರಾಮ ಹೆಚ್ಚುತ್ತಿದ್ದ ಎಲೆಕೋಸಿನಿಂದ ತಲೆ ಎತ್ತಲಿಲ್ಲ.

"ವಿಶೇಷ ಏನಿಲ್ಲರಿ," ಎಂದ. "ಅನ್ನ, ಬ್ಯಾಳಿ. ನಿಮ್ಮಂಗನ."

"ಅಷ್ಟನ? ಪಾಪ," ಎಂದು ಸಿದ್ದಾರೂಢ ಗಲ್ಲಾಪೆಟ್ಟಿಗೆಯ ಕಡೆ ಹೋದ.