ಹಗ್ಗದ ತುದಿಯ ಎರಡು ಗಂಟು

ನಮ್ಮದು ಕಾಗಿಣಾ ಹೊಳೆ ದಂಡೆಯ ಅಂಬಿಗರ ಮನೆ. ನನಗೆ ದೋಣಿ ನಡೆಸಲು ಬರುವುದಿಲ್ಲ. ಈ ಎರಡು ಮಾತನ್ನು ಒಟ್ಟಿಗೆ ಹೇಳಲು ನನಗೆ ಅರವತ್ತೊಂದು ವರ್ಷ ಬೇಕಾಯಿತು. ಅಲ್ಲಿಯವರೆಗೆ ಮೊದಲನೆಯದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಎರಡನೆಯದನ್ನು ಹೆಂಡತಿಗೂ ಹೇಳಿರಲಿಲ್ಲ.

ಮುಚ್ಚಿಡುವುದೇನೂ ಕಷ್ಟವಿರಲಿಲ್ಲ. ಸೇತುವೆ ಆದ ಮೇಲೆ ಅಪ್ಪನ ದೋಣಿ ದಂಡೆಯ ಮೇಲೆ ಬೋರಲು ಬಿತ್ತು. ಗೆದ್ದಲು ತಿಂದಷ್ಟು ತಿಂದು ಬಿಟ್ಟ ಹಲಗೆಗಳು ದನದ ಕೊಟ್ಟಿಗೆಯ ಬಾಗಿಲಾದವು. ನಾನು ವಾಡಿಯಲ್ಲಿ ಸಿಮೆಂಟ್ ಲಾರಿಗಳ ಲೆಕ್ಕ ಬರೆಯುವ ಗುಮಾಸ್ತನಾಗಿ ಸೇರಿ, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡೆ. ವಯಸ್ಸಿನಿಂದ ಎಷ್ಟು, ಸಿಮೆಂಟಿನಿಂದ ಎಷ್ಟು ಎಂಬುದು ಸ್ನಾನ ಮಾಡಿದರೂ ತಿಳಿಯುತ್ತಿರಲಿಲ್ಲ.

ಅಲ್ಲಿ ಚಹಾದ ಹೊತ್ತಿಗೆ ನಾನು ಹೇಳುತ್ತಿದ್ದ ಕಥೆ ಒಂದೇ. ನನಗೆ ಒಂಬತ್ತು ವರ್ಷ. ಮಳೆಗಾಲ. ಅಪ್ಪ ಸೇಡಂಗೆ ಹೋಗಿದ್ದರು. ಅವ್ವನಿಗೆ ಹೆರಿಗೆ ನೋವು ಶುರುವಾಯಿತು. ಸೂಲಗಿತ್ತಿ ಇದ್ದದ್ದು ಆಚೆ ದಂಡೆಯಲ್ಲಿ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ನಾನು ದೋಣಿ ನೂಕಿ, ಹುಟ್ಟು ಹಾಕಿ, ಹೊಳೆ ದಾಟಿ, ಸೂಲಗಿತ್ತಿಯನ್ನು ಕರೆತಂದೆ. ತಮ್ಮ ಹುಟ್ಟಿದ. ಕಥೆ ಇಷ್ಟೇ. ಆದರೆ ವರ್ಷ ವರ್ಷವೂ ಹೊಳೆಯ ನೀರು ಒಂದು ಗೇಣು ಏರುತ್ತಿತ್ತು. ನಾನು ನಿವೃತ್ತನಾಗುವ ಹೊತ್ತಿಗೆ ಅದರಲ್ಲಿ ಒಂದು ಮೊಸಳೆಯೂ ಬಂದು ಸೇರಿತ್ತು.

ತಮ್ಮ ಈ ಕಥೆಯನ್ನು ದೇವರ ಮಾತಿನಂತೆ ನಂಬಿದ್ದ. ಹಬ್ಬದಲ್ಲಿ ಮೊದಲ ಹೋಳಿಗೆ ಅವನು ತನ್ನ ಕೈಯಿಂದ ನನ್ನ ತಾಟಿಗೆ ಹಾಕುತ್ತಿದ್ದ. "ಅಣ್ಣ ಇಲ್ಲದಿದ್ರ ನಾ ಎಲ್ಲಿ ಇರ್ತಿದ್ದೆ" ಎನ್ನುತ್ತಿದ್ದ. ನಾನು ನಾಚಿದವನಂತೆ ಮುಖ ಮಾಡಿ, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಹೊಳೆ ದಾಟಿದ್ದು ನಾನಲ್ಲ, ನನ್ನ ಅಕ್ಕ. ಅವಳಿಗೆ ಆಗ ಹನ್ನೆರಡು ವರ್ಷ. ಒಬ್ಬನನ್ನೇ ಮನೆಯಲ್ಲಿ ಬಿಟ್ಟರೆ ರಂಪ ಮಾಡುತ್ತೇನೆಂದು ನನ್ನನ್ನು ದೋಣಿಯ ತಳದಲ್ಲಿ ಕೂರಿಸಿಕೊಂಡು ಹೋಗಿದ್ದಳು. ನಾನು ಅಲ್ಲಿ ಕೂತು ಹೋಗುವಾಗಲೂ ಬರುವಾಗಲೂ ಅತ್ತೆ.

ಕಥೆಯನ್ನು ನನ್ನ ಹೆಸರಿಗೆ ಮಾಡಿದ್ದು ಅಪ್ಪ. ಚಿಮ್ಮನಚೋಡದ ಕಡೆಯಿಂದ ಅಕ್ಕನಿಗೆ ಗಂಡು ನೋಡಲು ಬಂದ ದಿನ, "ಹೊಳ್ಯಾಗ ಹುಟ್ಟ ಹಾಕೋ ಹುಡುಗಿ ಅಂದ್ರ ಬೀಗರು ಅಂಜ್ತಾರ. ಅವತ್ತು ಇವನೇ ದಾಟಿದ್ದಂತ ಹೇಳ್ರಿ" ಎಂದು ನನ್ನ ಬೆನ್ನು ತಟ್ಟಿದರು. ದೊಡ್ಡವರ ಅಂಗಿ ಸಣ್ಣವರಿಗೆ ಬರುವಂತೆ ಅಕ್ಕನ ಧೈರ್ಯ ನನಗೆ ಬಂತು. ಅಪ್ಪ, ಅವ್ವ ಇಬ್ಬರೂ ತೀರಿಹೋದರು. ಅಂಗಿಯನ್ನು ವಾಪಸು ಕೇಳುವವರು ಯಾರೂ ಉಳಿಯಲಿಲ್ಲ. ಅಕ್ಕ ಮದುವೆಯಾದ ಮೇಲೆ ಹುಟ್ಟು ಮುಟ್ಟಲಿಲ್ಲ. ತವರಿಗೆ ಬಂದಾಗ ನಾನು ಕಥೆ ಶುರು ಮಾಡಿದರೆ ತಲೆ ತಗ್ಗಿಸಿ ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೊಸಳೆ ಬಂದ ವರ್ಷವೂ ತಲೆ ಎತ್ತಲಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ಹೊಳೆಯೇ ನನ್ನ ಮೇಲೆ ಹಗೆ ಸಾಧಿಸಿತು. ಕೆಳಗೆ ಬ್ಯಾರೇಜು ಕಟ್ಟಿದ ಮೇಲೆ ನಮ್ಮೂರ ಹತ್ತಿರ ವರ್ಷವಿಡೀ ನೀರು ನಿಲ್ಲತೊಡಗಿತು. ಚಳಿಗಾಲದಲ್ಲಿ ಎತ್ತಿನ ಬಂಡಿ ದಾಟುತ್ತಿದ್ದ ಜಾಗ ಮುಳುಗಿತು. ನಮ್ಮ ತೊಗರಿ ಹೊಲ ಆಚೆ ದಂಡೆಯಲ್ಲಿದೆ. ಕಣ್ಣಿಗೆ ಕಾಣುವ ಹೊಲಕ್ಕೆ ಸೇತುವೆ ಸುತ್ತಿಕೊಂಡು ಹೋಗಬೇಕು. ತಮ್ಮ ಒಂದು ದಿನ ಹೇಳಿದ:

"ಅಣ್ಣಾ, ಒಂದ್ ದೋಣಿ ಮಾಡಸಮು. ನಡಸಲಾಕ ನೀ ಅದಿ. ಬ್ಯಾರೆಯವ್ರು ಯಾಕ ಬೇಕು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಕೂಡಲೇ, "ಹೂಂ, ಅದಕ್ಕೇನು?" ಎಂದೆ. ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ.

ದೋಣಿ ಕಟ್ಟುವವರು ಈಗ ನಮ್ಮ ಕಡೆ ಇರುವುದೇ ಅಪರೂಪ. ಶಹಾಬಾದ್ ದಾಟಿ ಹೊಳೆಯ ಕಡೆ ಇಳಿದರೆ ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ಛಪ್ಪರ, ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲಿನ ಮೇಲೆ ಕಟ್ಟಿಗೆಯ ಹೊಟ್ಟು. ಅಲ್ಲಿ ಒಬ್ಬ ಮುದುಕ ಬಡಿಗ. ಹೆಚ್ಚಾಗಿ ಬಾಗಿಲು, ನೊಗ ಮಾಡುತ್ತಾನೆ. ಮೀನು ಹಿಡಿಯುವವರು ಬಂದರೆ ದೋಣಿ. ನನ್ನ ಅಪ್ಪನ ದೋಣಿಯನ್ನು ಅವನೂ ಅವನ ಅಪ್ಪನೂ ಸೇರಿ ಅದೇ ಮರದ ಕೆಳಗೆ ಕಟ್ಟಿದ್ದರು.

ಅಲ್ಲಿ ಟೇಪು ಇಲ್ಲ. ದೋಣಿ ನಡೆಸುವವನನ್ನು ನಿಲ್ಲಿಸಿ ಹಗ್ಗದಿಂದ ಅಳೆಯುತ್ತಾರೆ. ಚಾಚಿದ ತೋಳಿಗೆ ಒಂದು ಗಂಟು, ಕೂತಾಗ ಮೊಳಕಾಲಿಗೆ ಒಂದು ಗಂಟು, ಹಿಡಿತಕ್ಕೆ ಒಂದು ಗಂಟು. ಆ ಗಂಟುಗಳ ಲೆಕ್ಕದಲ್ಲೇ ದೋಣಿಯ ಉದ್ದ, ಕೂರುವ ಹಲಗೆ, ಹುಟ್ಟು ಎಲ್ಲವೂ ಆಗುತ್ತವೆ. ಕೆಲಸ ಮುಗಿದ ಮೇಲೆ ಹಗ್ಗವನ್ನು ಬಿಸಾಡುವುದಿಲ್ಲ, ಛಪ್ಪರದ ಜಂತಿಗೆ ತೂಗುಹಾಕುತ್ತಾರೆ. ದೋಣಿಗಳು ಕೊಳೆತುಹೋಗಿವೆ, ದಾಟಿಸಿದವರು ಸತ್ತುಹೋಗಿದ್ದಾರೆ, ಅಳತೆಗಳು ಮಾತ್ರ ತೂಗಾಡುತ್ತಿವೆ.

ಮುದುಕ ನನ್ನ ಹೆಸರು, ಊರು ಕೇಳಿ, ಕೋಲಿನಿಂದ ಒಂದು ಕಪ್ಪು ಹಗ್ಗವನ್ನು ಕೆಳಗಿಳಿಸಿದ.

"ಇದು ನಿಮ್ಮಪ್ಪಂದು. ಇಲ್ಲಿ ನೋಡು, ತುದಿಗೆ ಎರಡ್ ಸಣ್ಣ ಗಂಟ ಅದಾವ. ಒಂದ್ ಸಣ್ಣ ಹುಟ್ಟ ಮಾಡಿಸಿದ್ದ. ಇವು ಯಾರವು?"

ಸುತ್ತ ಯಾರೂ ಇರಲಿಲ್ಲ. ಸತ್ಯ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಐವತ್ತು ವರ್ಷದ ಅಭ್ಯಾಸ. "ನನ್ನವೇ, ಕಾಕಾ" ಎಂದೆ.

ಮುದುಕ ಹಗ್ಗವನ್ನು ಮತ್ತೆ ಜಂತಿಗೆ ಹಾಕುತ್ತಾ ಕೇಳಿದ: "ಆಗ ನಿನಗ ಎರಡ್ ಜಡಿ ಇದ್ವೇನು?"

ನಾನು ಕೆಮ್ಮಿದೆ. ಹೊಟ್ಟು ಗಂಟಲಿಗೆ ಹೋಯಿತು ಎಂದೆ. ಆಮೇಲೆ, ಯಾರಿಗೂ ಹೇಳಬೇಡ ಎಂದು ಕೈ ಹಿಡಿದುಕೊಂಡೆ. "ನಾ ಯಾಕ ಹೇಳ್ಲಿ? ಕಟ್ಟಿಗಿ ಹೇಳ್ತದ" ಎಂದು ಅವನು ನನ್ನ ತೋಳನ್ನು ಅಳೆದು ಮೂರು ಗಂಟು ಹಾಕಿದ. ಹಾಕುವಾಗ ಯಾಕೋ ಸಡಿಲವಾಗಿಯೇ ಹಾಕಿದ.

ಕಲಿತರಾಯಿತು ಎಂದುಕೊಂಡೆ. ಎಷ್ಟಾದರೂ ರಕ್ತದಲ್ಲಿ ಇರಬೇಕಲ್ಲ. ಮಧ್ಯಾಹ್ನ ಮನೆಯವರೆಲ್ಲ ಮಲಗಿದಾಗ ಅಂಗಳದ ಹೊರಸು ಮಂಚದ ಮೇಲೆ ಕೂತು, ಕಸಬರಿಗೆ ಹಿಡಿದು, ಎಡಕ್ಕೆರಡು ಬಲಕ್ಕೆರಡು ಎಳೆಯತೊಡಗಿದೆ. ಮೂರನೆಯ ದಿನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಹೊರಸ ಎಲ್ಲೀತನ ಬಂತ್ರೀ? ಶಹಾಬಾದ್ ದಾಟ್ತೇನು?"

"ಬೆನ್ನು ಹಿಡ್ದದ. ಡಾಕ್ಟರ್ ಹೇಳ್ಯಾನ" ಎಂದೆ.

"ಡಾಕ್ಟರಗ ಹೇಳ್ರಿ, ಆ ಕಸಬರಿಗಿ ನೆಲಕ್ಕ ಹಚ್ಚಿ ಎಳದ್ರ ಬೆನ್ನಿಗಿ ಇನ್ನೂ ಛಲೋ" ಎಂದು ಒಳಗೆ ಹೋದಳು.

ದೀಪಾವಳಿಗೆ ಅಕ್ಕ ಬಂದಳು. ಶಹಾಬಾದ್‌ನಲ್ಲಿ ಬಸ್ಸಿಳಿದವಳೇ, "ದೋಣಿ ಮಾಡಸಲಾಕತ್ತೀರಂತ. ನೋಡಿ ಹೋಗಮು" ಎಂದಳು. ಬೇಡ ಎನ್ನಲು ಕಾರಣ ಹುಡುಕುವಷ್ಟರಲ್ಲಿ ಆಟೋ ಹತ್ತಿ ಕೂತಿದ್ದಳು. ಬೇವಿನ ಮರದ ಕೆಳಗೆ ದೋಣಿಯ ಕರಿಜಾಲಿಯ ಪಕ್ಕೆಲುಬುಗಳು ಎದ್ದು ನಿಂತಿದ್ದವು. ಅಕ್ಕ ಕೆಳಗಿಟ್ಟಿದ್ದ ಸಾಗವಾನಿ ಹಲಗೆಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳಿದಳು. ಒಂದನ್ನು ಬದಿಗೆ ಸರಿಸಿದಳು. ಮುದುಕ ಆ ಹಲಗೆಯನ್ನು ಎತ್ತಿ ನೋಡಿ, "ಹೌದವ್ವಾ, ಒಳಗ ಹುಳ ತಿಂದದ" ಎಂದ. ನನಗೆ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ. ಚಹಾ ತರುತ್ತೇನೆ ಎಂದು ರಸ್ತೆಗೆ ಹೋದೆ. ತಿರುಗಿ ಬಂದಾಗ ಇಬ್ಬರೂ ಏನೋ ನಗುತ್ತಿದ್ದರು. ನನ್ನನ್ನು ನೋಡಿ ನಗು ನಿಲ್ಲಿಸಿದರು. ಚಹಾ ಆರಿತ್ತು, ಇಬ್ಬರೂ ಕುಡಿದರು.

ಎಳ್ಳ ಅಮವಾಸ್ಯೆಗೆ ಎರಡು ದಿನ ಮೊದಲು ಟ್ರ್ಯಾಕ್ಟರಿನಲ್ಲಿ ದೋಣಿ ಬಂತು. ಸಂದಿಗಳಿಗೆ ಹತ್ತಿ, ರಾಳ ತುಂಬಿದ್ದರು. ಎಣ್ಣೆ ಕುಡಿದು ಮೈ ಮಿಂಚುತ್ತಿತ್ತು. ಜೊತೆಗೆ ಬಂದಿದ್ದ ಮುದುಕ ಎರಡು ಮಾತು ಹೇಳಿ ಹೋದ. ಹೊಸ ಕಟ್ಟಿಗೆ ನೀರು ಕುಡಿದು ಉಬ್ಬುವತನಕ ನಾಲ್ಕು ದಿನ ಸೋರುತ್ತದೆ, ಒಂದು ತಂಬಿಗೆ ಇಟ್ಟುಕೊಳ್ಳಿ. ಇನ್ನೊಂದು, ಯಾರ ಅಳತೆಗೆ ದೋಣಿ ಆಗಿದೆಯೋ ಅವರು ಮೊದಲ ಸಲ ಒಬ್ಬರೇ ದಾಟಿ ಬರಬೇಕು, ಖಾಲಿ ಹೋಗದೆ ಅನ್ನ ಒಯ್ಯಬೇಕು. ಅದು ನಮ್ಮ ಅಂಬಿಗರ ಪದ್ಧತಿಯೇ, ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು.

ಎಳ್ಳ ಅಮವಾಸ್ಯೆ ಎಂದರೆ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ಬೆಳಿಗ್ಗೆಯೇ ಹೆಂಡತಿ, ಹಬ್ಬಕ್ಕೆ ಮತ್ತೆ ಬಂದಿದ್ದ ಅಕ್ಕ ಸೇರಿ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಮಾಡಿ ಬುಟ್ಟಿ ತುಂಬಿದ್ದರು. ಬುಟ್ಟಿಯನ್ನು ದೋಣಿಯಲ್ಲಿ ಇಟ್ಟರು. ಎಲ್ಲರೂ ದಂಡೆಯಲ್ಲಿ ನಿಂತರು. ತಮ್ಮ ಫೋನಿನಲ್ಲಿ ವಿಡಿಯೋ ಹಿಡಿದ.

ನಾನು ಹತ್ತಿ ಕೂತೆ. ಮೊಳಕಾಲು ಗದ್ದಕ್ಕೆ ಬಂದವು. ಹುಟ್ಟು ಒಂದು ಮೊಳ ಗಿಡ್ಡ. ಅದರ ಹಿಡಿಗೆ ಹೊಸ ಹಗ್ಗವೊಂದು ಸುತ್ತಿತ್ತು. ಗಂಟುಗಳು ಬಿಗಿಯಾಗಿದ್ದವು, ನನ್ನವಲ್ಲ. ನಾನು ಚಹಾಕ್ಕೆ ಹೋದಾಗ ಮುದುಕ ಯಾರ ತೋಳು ಅಳೆದಿದ್ದನೆಂದು ಆಗ ತಿಳಿಯಿತು.

ಆದರೂ ಎಳೆದೆ. ದೋಣಿ ಬಲಕ್ಕೆ ತಿರುಗಿತು. ಇನ್ನಷ್ಟು ಎಳೆದೆ, ಇನ್ನಷ್ಟು ಬಲಕ್ಕೆ ತಿರುಗಿತು. ನೀರಿನಲ್ಲಿ ಮಲಗಿದ್ದ ಎಮ್ಮೆಯನ್ನು ನಾನು ಮೂರು ಸಲ ಭೇಟಿಯಾದೆ. "ಅಳತಿ ತಪ್ಯಾದ! ಹುಟ್ಟು ಗಿಡ್ಡ ಆಗ್ಯಾದ!" ಎಂದು ಕೂಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಲ್ಕನೆಯ ಸುತ್ತಿಗೆ ದೋಣಿ ತಾನಾಗಿಯೇ ಬಂದು ಅದೇ ದಂಡೆಗೆ ಹತ್ತಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ತಮ್ಮ ಫೋನು ಕೆಳಗಿಳಿಸಿದ. "ಅಣ್ಣಾ, ಆಗ ನೀ ಸಣ್ಣವ ಇದ್ದಿ. ಈಗ ಮರ್ತಿರಬೇಕು" ಎಂದ. ಪಾಪ, ನನ್ನ ಮಾನ ಉಳಿಸಲೆಂದೇ ಹೇಳಿದ. ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಕ್ಕ ನೀರಿನ ಅಂಚಿಗೆ ಬಂದು ನಿಂತಿದ್ದಳು. ಸೆರಗನ್ನು ಆಗಲೇ ಸೊಂಟಕ್ಕೆ ಸಿಕ್ಕಿಸಿದ್ದಳು. ಅವಳ ಕಣ್ಣು ನನ್ನ ಮೇಲೆ ಇರಲಿಲ್ಲ, ಹುಟ್ಟಿನ ಮೇಲಿತ್ತು. ನನಗೆ ತುಂಬಾ ನಾಚಿಕೆಯಾಯಿತು. ಸುತ್ತು ಹೊಡೆದದ್ದಕ್ಕಲ್ಲ.

"ಮರ್ತಿಲ್ಲಪ್ಪಾ. ನನಗ ಬಂದೇ ಇಲ್ಲ. ಅವತ್ತು ಹೊಳಿ ದಾಟಿದ್ದು ಅಕ್ಕ" ಎಂದೆ.

ತಮ್ಮ ಅಕ್ಕನನ್ನು ನೋಡಿದ, ನನ್ನನ್ನು ನೋಡಿದ. ಅಕ್ಕ ನನ್ನ ಕೈಯಿಂದ ಹುಟ್ಟು ತೆಗೆದುಕೊಂಡು, "ಇಳಿ" ಎಂದಳು. ಇಳಿದೆ.

ಅರವತ್ನಾಲ್ಕು ವರ್ಷದ ಹೆಂಗಸು ಒಂದು ಸಲ ಕೆಮ್ಮಿ, ಎರಡು ಸಲ ಹುಟ್ಟು ಹಾಕಿದಳು. ದೋಣಿ ಎಮ್ಮೆಯನ್ನು ಬಳಸಿಕೊಂಡು ನೇರ ನಡುನೀರಿಗೆ ಹೋಯಿತು. ಆಚೆ ದಂಡೆಗೆ ಮೂತಿ ತಾಗಿಸಿ ತಿರುಗಿಸಿದಳು. ನಡುವೆ ಬಂದವಳು ನಿಂತುಬಿಟ್ಟಳು. ನಮ್ಮೆಲ್ಲರ ಊಟ ಅವಳ ಹತ್ತಿರವಿತ್ತು.

"ಈಗ ಹೇಳು!" ಎಂದು ಕೂಗಿದಳು. "ಮೊದಲಿಂದ ಹೇಳು. ಎಲ್ಲಾರೂ ಕೇಳಲಿ!"

ನಾನು ದಂಡೆಯಲ್ಲಿ ನಿಂತು ಕೂಗಿ ಕೂಗಿ ಹೇಳಿದೆ. ಅವ್ವನಿಗೆ ನೋವು ಬಂತು, ಹೊಳೆ ತುಂಬಿತ್ತು, ಅಕ್ಕ ದೋಣಿ ನೂಕಿದಳು.

"ಮೊಸಳಿ?"

"ಮೊಸಳಿ ಇದ್ದಿಲ್ಲ!"

ಅಕ್ಕ ಹತ್ತು ಮಾರು ಮುಂದೆ ಬಂದಳು. ಮತ್ತೆ ನಿಂತಳು. "ನೀ ಏನ್ ಮಾಡಲಾಕತ್ತಿದ್ದಿ?"

ಹಬ್ಬಕ್ಕೆ ಬಂದಿದ್ದ ಅಳಿಯಂದಿರು, ಮೊಮ್ಮಕ್ಕಳು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೊಟ್ಟೆ ಹಸಿದಿತ್ತು. "ತಳದಾಗ ಕುಂತು ಅಳಲಾಕತ್ತಿದ್ದೆ!" ಎಂದೆ.

"ತಪ್ಪು!"

ಇನ್ನೇನು ಉಳಿದಿದೆ ಎಂದು ನನಗೆ ಸಿಟ್ಟು ಬಂತು. "ಮತ್ತೇನ್ ಹೇಳಲಿ? ಅಳೋದ ಬಿಟ್ಟು ನಾ ಏನೂ ಮಾಡಿಲ್ಲ!"

ಅಕ್ಕ ಹುಟ್ಟನ್ನು ಮೊಳಕಾಲ ಮೇಲೆ ಅಡ್ಡ ಇಟ್ಟುಕೊಂಡಳು. ಈ ಸಲ ಅವಳು ಕೂಗಲಿಲ್ಲ. ನೀರಿನ ಮೇಲೆ ಮಾತು ಸರಿಯಾಗಿಯೇ ಕೇಳಿಸಿತು.

"ದೋಣಿ ಸೋರಲಾಕತ್ತಿತ್ತು. ನೀ ಅಳಕೋತ ಅಳಕೋತ ತಂಬಿಗೀಲೆ ನೀರ ಹೊರಗ ಚೆಲ್ಲದಿ. ಹೋಗೂಮುಂದೂ, ಬರೂಮುಂದೂ. ನೀ ಚೆಲ್ಲದಿದ್ರ ಇಬ್ರೂ ಮುಳಗ್ತಿದ್ವಿ. ಅದನ್ನ ಯಾಕ ಒಂದ್ ದಿನಾನೂ ಹೇಳಿಲ್ಲ?"

ನನಗೆ ಅದು ನೆನಪೇ ಇರಲಿಲ್ಲ. ಐವತ್ತು ವರ್ಷ ಅವಳ ಕೆಲಸವನ್ನು ನನ್ನದೆಂದು ಹೇಳಿಕೊಂಡು ತಿರುಗಿ, ನಾನು ಮಾಡಿದ್ದನ್ನು ಕಳೆದುಕೊಂಡಿದ್ದೆ. ಅದನ್ನು ಅವಳು ಇಟ್ಟುಕೊಂಡಿದ್ದಳು. ಕಣ್ಣಲ್ಲಿ ನೀರು ಬಂತು. ಅಂಬಿಗರ ಮನೆಯವನು ಹೊಳೆಯ ಹತ್ತಿರ ಮಾಡಬಲ್ಲ ಕೆಲಸ ಅದೊಂದೇ ಎಂದು ಹೆಂಡತಿ ಆಮೇಲೆ ಹೇಳಿದಳು.

ಅಕ್ಕ ದೋಣಿಯನ್ನು ದಂಡೆಗೆ ತಂದಳು. ತಳದಲ್ಲಿ ಗೇಣು ನೀರು ನಿಂತಿತ್ತು. ತಮ್ಮ ಬುಟ್ಟಿಗೆ ಕೈಹಾಕಿ ಮೊದಲ ಹೋಳಿಗೆ ತೆಗೆದು ಅವಳ ಕೈಗೆ ಕೊಟ್ಟ. ಅವಳು ಅದನ್ನು ಹಾಗೇ ಬಾಯಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಲ್ಲಿ ಹುಟ್ಟು ಹಿಡಿದು, ಗದ್ದದಿಂದ ನನಗೆ ತಂಬಿಗೆ ತೋರಿಸಿದಳು. ನಾನು ಹತ್ತಿ ತಳದಲ್ಲಿ ಕೂತು ನೀರು ಚೆಲ್ಲತೊಡಗಿದೆ.